ಡಿಶ್ ಬಿಗಿಯಲು ಮಧ್ಯಾಹ್ನ ಮೂರು ಗಂಟೆಯೇ ಏಕೆ?

ಹಾಸನದಲ್ಲಿ ನಾನು ಕೇಬಲ್ ಟಿ.ವಿ. ನಡೆಸುತ್ತಿದ್ದ ಕಾಲದಲ್ಲಿ, ಹಳೆಯದೊಂದು ಉಪಗ್ರಹದ ಸಿ-ಬ್ಯಾಂಡ್ (ದೊಡ್ಡ ಡಿಶ್ ಬೇಕಾಗುವ ತರಂಗಪಟ್ಟಿ) ಚಾನೆಲ್‌ಗಳಿಗೆಂದು ತಾರಸಿಯ ಮೇಲೆ 12 ಅಡಿಯ ಡಿಶ್ ಇತ್ತು. ಒಂದು ದಿನ ಬೆಳಗ್ಗೆ 11ರ ಹೊತ್ತಿಗೆ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ) ಬದಲಿಸಿ, ಮೀಟರಿನಲ್ಲಿ ಸಿಗ್ನಲ್ ಅತಿ ಹೆಚ್ಚು ಕಂಡ ಕಡೆಗೆ ಡಿಶ್ ತಿರುಗಿಸಿ ಬೋಲ್ಟ್ ಬಿಗಿದೆವು. ಅಂದು ರಾತ್ರಿ 11ಕ್ಕೆ ಚಿತ್ರ ಚೌಕಚೌಕವಾಗಿ ಒಡೆದು ನಿಂತಿತು. ಬೆಳಗಿನ ಜಾವಕ್ಕೆ ಯಾರೂ ಮುಟ್ಟದೆಯೇ ಸರಿಯಾಗಿತ್ತು. ಎಲ್‌ಎನ್‌ಬಿ, ಕೇಬಲ್, ಕನೆಕ್ಟರ್ ಎಲ್ಲವನ್ನೂ ಮತ್ತೆ ಬದಲಿಸಿದರೂ ಪ್ರಯೋಜನವಾಗಲಿಲ್ಲ.

ಕೊನೆಗೆ, ಸಿಗ್ನಲ್ ತೀರ ಕುಸಿಯುವ ಹೊತ್ತನ್ನು ದಿನವೂ ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಅದು ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಬರುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ 9 ಗಂಟೆಗೇ ಬಂದು, ಧಾರಾವಾಹಿ ನೋಡುವವರ ಫೋನುಗಳು ಶುರುವಾದವು. ಕೆಟ್ಟ ಕನೆಕ್ಟರಿನ ತೊಂದರೆ ಹೀಗೆ ಲೆಕ್ಕವಿಟ್ಟಂತೆ ಜರುಗುವುದಿಲ್ಲ. ಭೂಮಿಯು ನಕ್ಷತ್ರಗಳ ಎದುರು ಒಂದು ಸುತ್ತು ತಿರುಗುವುದು 23 ಗಂಟೆ 56 ನಿಮಿಷಗಳಲ್ಲಿ. ಭೂಸ್ಥಿರ ಉಪಗ್ರಹದ, ಎಂದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹದ ಸುತ್ತೂ ಅಷ್ಟೇ. ಹಾಗಾಗಿ ಕಾರಣವಿದ್ದುದು ನಮ್ಮ ತಾರಸಿಯಲ್ಲಲ್ಲ, 35,786 ಕಿ.ಮೀ. ಎತ್ತರದಲ್ಲಿ.

ಸೂರ್ಯ, ಚಂದ್ರರ ಸೆಳೆತದಿಂದ ಭೂಸ್ಥಿರ ಕಕ್ಷೆಯು ಸಮಭಾಜಕ ವೃತ್ತದ ನೇರದಿಂದ ವರ್ಷಕ್ಕೆ ಸುಮಾರು 0.85 ಡಿಗ್ರಿ ಓರೆಯಾಗುತ್ತದೆ. ಇದನ್ನು ತಿದ್ದಲು ಉಪಗ್ರಹದ ವೇಗವನ್ನು ವರ್ಷಕ್ಕೆ ಒಟ್ಟು ಸೆಕೆಂಡಿಗೆ 50 ಮೀಟರಿನಷ್ಟು ಬದಲಿಸಬೇಕು. ಪೂರ್ವ-ಪಶ್ಚಿಮದ ಜರುಗುವಿಕೆಗೆ 2 ಮೀಟರಿನಷ್ಟು ಸಾಕು. ಆದ್ದರಿಂದಲೇ ಇಂಧನ ಮುಗಿಯುತ್ತ ಬಂದ ಉಪಗ್ರಹದಲ್ಲಿ ಮೊದಲು ನಿಲ್ಲಿಸುವುದು ಉತ್ತರ-ದಕ್ಷಿಣದ ತಿದ್ದುಪಡಿಯನ್ನು. ನಮ್ಮೂರಿನ ಎಂಸಿಎಫ್‌ನಲ್ಲಿ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) 1982ರಿಂದ ನಡೆದುಬಂದಿರುವ ಮುಖ್ಯ ಕೆಲಸಗಳಲ್ಲಿ ಇಂಥ ತಿದ್ದುಪಡಿಯೂ ಒಂದು. ಅದರ ಬೆಲೆ ನನಗೆ ತಿಳಿದದ್ದು ಆ ನೋಟ್‌ಬುಕ್ಕಿನಿಂದ.

ಓರೆಯಾದ ಉಪಗ್ರಹವು ನೆಲದಿಂದ ನೋಡುವವರಿಗೆ ದಿನವೂ 8ರ ಅಂಕಿಯಂತೆ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತದೆ. ನಾವು ಬೋಲ್ಟ್ ಬಿಗಿದದ್ದು ಅದು ಒಂದು ತುದಿಯಲ್ಲಿದ್ದ ಹೊತ್ತಿನಲ್ಲಿ. ಓರೆ 0.6 ಡಿಗ್ರಿಯಾದರೆ, 12 ಗಂಟೆಯ ನಂತರ ಅದು 1.2 ಡಿಗ್ರಿ ದೂರದಲ್ಲಿರುತ್ತದೆ. 12 ಅಡಿಯ ಡಿಶ್ ಸಿ-ಬ್ಯಾಂಡಿನಲ್ಲಿ ಚೆನ್ನಾಗಿ ಹಿಡಿಯುವ ಒಟ್ಟು ಅಗಲವೇ ಸುಮಾರು 1.4 ಡಿಗ್ರಿ, ಎಂದರೆ ಮಧ್ಯದಿಂದ ಆಚೀಚೆ 0.7 ಡಿಗ್ರಿ ಮಾತ್ರ. 1.2 ಡಿಗ್ರಿ ದೂರದಲ್ಲಿ ಸಿಗ್ನಲ್ಲಿನ ನಷ್ಟ 8 ಡೆಸಿಬೆಲ್ ದಾಟುತ್ತದೆ. ನಡುವಿನಲ್ಲಿ ಬಿಗಿದರೆ ಎರಡೂ ತುದಿಗಳಲ್ಲಿ ಸುಮಾರು 2 ಡೆಸಿಬೆಲ್ ಅಷ್ಟೇ.

ಕುಸಿತ ರಾತ್ರಿ 9ಕ್ಕೆ ಬರುತ್ತಿದ್ದ ದಿನ, ಅದಕ್ಕೆ 6 ಗಂಟೆ ಮೊದಲು, ಅಂದರೆ ಮಧ್ಯಾಹ್ನ 3ಕ್ಕೆ ಉಪಗ್ರಹವು ಸಮಭಾಜಕ ವೃತ್ತವನ್ನು ದಾಟುವಾಗ ಡಿಶ್ಶನ್ನು ಹೊಸದಾಗಿ ಹೊಂದಿಸಿ ಬಿಗಿದೆ. ಆ ರಾತ್ರಿ ಮೀಟರ್ ಇಳಿಯಿತು, ಆದರೆ ಚಿತ್ರ ನಿಲ್ಲಲಿಲ್ಲ. ಓರೆ ಬೆಳೆಯುತ್ತಲೇ ಇದ್ದುದರಿಂದ ಕೆಲವು ತಿಂಗಳ ಬಳಿಕ ಡಿಶ್ಶಿಗೆ ಆ್ಯಕ್ಚುಯೇಟರ್ (ತಿರುಗಿಸುವ ಮೋಟಾರು) ಅಳವಡಿಸಿ, ನೋಟ್‌ಬುಕ್ಕಿನ ವೇಳೆಯನ್ನು ದಿನಕ್ಕೆ 4 ನಿಮಿಷ ಮುಂಚಿತವಾಗಿಸುತ್ತ ಅದನ್ನು ತಿರುಗಿಸಬೇಕಾಯಿತು.