ಲಂಗದ ಲಾಡಿ ಸಡಿಲಾದ ಮೂರು ತಿಂಗಳು

ನಾನು ತುಮಕೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಓಡಾಟ. ದಿನಕ್ಕೆ ನಾಲ್ಕು ಪೀರಿಯಡ್ಡು, ನಾಲ್ಕೂ ನಿಂತುಕೊಂಡೇ. ನಮಗೆಲ್ಲ ಸೀರೆ ಕಡ್ಡಾಯ, ಶನಿವಾರ ಮಾತ್ರ ಚೂಡಿದಾರ್. ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೂ ಬುಧವಾರ ಚೂಡಿದಾರ್ ಹಾಕಿಕೊಂಡು ಹೋಗಿ ನೋಡಿ, ಪ್ರಿನ್ಸಿಪಾಲರು ಕಣ್ಣಲ್ಲೇ ಕೇಳುತ್ತಾರೆ.

ಡಿಸೆಂಬರಿನಲ್ಲಿ ಪ್ರೆಗ್ನೆನ್ಸಿ ಕಿಟ್ಟಿನಲ್ಲಿ ಎರಡು ಗೆರೆ ಕಂಡಿತು. ಅಮ್ಮನಿಗೆ ಫೋನ್ ಮಾಡಿದರೆ ಮೊದಲ ಮಾತೇ, "ಮೂರು ತಿಂಗಳು ತುಂಬೋವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ ಕಣೆ." ಅಮ್ಮನಿಗೆ ದೃಷ್ಟಿಯ ಭಯ. ನನಗೆ ಪಟ್ಟಿಯ ಭಯ. ಮುಂದಿನ ವರ್ಷಕ್ಕೆ ಯಾರನ್ನು ಉಳಿಸಿಕೊಳ್ಳಬೇಕು ಅಂತ ನಮ್ಮಲ್ಲಿ ಫೆಬ್ರವರಿಯಲ್ಲೇ ಪಟ್ಟಿ ಮಾಡುತ್ತಾರೆ. 2017ರ ತಿದ್ದುಪಡಿ ಆದಮೇಲೆ 26 ವಾರ ಹೆರಿಗೆ ರಜೆ ಕಾನೂನಿನಲ್ಲೇ ಇದೆ, ಗೊತ್ತಿತ್ತು. ಆದರೆ ರಜೆ ಕೇಳುವುದಕ್ಕೆ ಮೊದಲು ಕೆಲಸ ಇರಬೇಕಲ್ಲ.

ಹೊಟ್ಟೆ ಕಾಣುವುದು ನಾಲ್ಕೈದು ತಿಂಗಳಿಗೆ, ಅಲ್ಲಿಯವರೆಗೆ ಬಟ್ಟೆಯದೇನೂ ತಕರಾರಿಲ್ಲ ಅಂದುಕೊಂಡಿದ್ದೆ. ಏಳನೇ ವಾರಕ್ಕೇ ಲಂಗದ ಲಾಡಿ ಕಚ್ಚತೊಡಗಿತು. ಬೆಳಿಗ್ಗೆ ಸರಿಯಾಗಿಯೇ ಕಟ್ಟಿರುತ್ತಿದ್ದೆ, ಮೂರನೇ ಪೀರಿಯಡ್ ಹೊತ್ತಿಗೆ ಉಸಿರು ಬಿಗಿಯುತ್ತಿತ್ತು. ರಾತ್ರಿ ಬಿಚ್ಚಿದರೆ ಸೊಂಟದ ಸುತ್ತ ಕೆಂಪು ಬರೆ. ಡಾಕ್ಟರ್ ನಕ್ಕರು. "ಅದು ಮಗು ಅಲ್ಲಮ್ಮ, ಗ್ಯಾಸು" ಅಂದರು. ಹನ್ನೆರಡು ವಾರದವರೆಗೂ ಗರ್ಭಕೋಶ ಸೊಂಟದ ಮೂಳೆಯ ಒಳಗೇ ಇರುತ್ತದಂತೆ. ಹಾರ್ಮೋನಿನಿಂದ ಕರುಳಿನ ಕೆಲಸ ನಿಧಾನವಾಗಿ ಹೊಟ್ಟೆ ಉಬ್ಬುವುದು ಮಾತ್ರ ಮೊದಲೇ ಶುರು. ಬೆಳಿಗ್ಗೆ ಇಲ್ಲದ ಹೊಟ್ಟೆ ಸಂಜೆಗೆ ಬರುವುದು ಅದಕ್ಕೇ.

ಲಾಡಿಯ ವಿಷಯದಲ್ಲಿ ಮೂರು ಪ್ರಯೋಗ ಮಾಡಿದೆ. ಮೊದಲು ಎಲಾಸ್ಟಿಕ್ ಹಾಕಿಸಿದೆ. ಅದು ಶುದ್ಧ ತಪ್ಪು. ಐದೂವರೆ ಮೀಟರ್ ಸೀರೆಯ ಭಾರಕ್ಕೆ ಎಲಾಸ್ಟಿಕ್ ಇಳಿಯುತ್ತಾ ಹೋಗುತ್ತದೆ, ನೆರಿಗೆ ಕಾಲಡಿಗೆ ಬರುತ್ತದೆ. ಆಮೇಲೆ ಲಂಗವನ್ನೇ ಹೊಕ್ಕುಳಿಗಿಂತ ತುಂಬ ಕೆಳಗೆ ಕಟ್ಟಿದೆ. ಹೊಟ್ಟೆಗೆ ಹಾಯೆನಿಸಿತು, ಆದರೆ ಸೀರೆ ಎರಡು ಇಂಚು ಉದ್ದವಾಗಿ ಬಸ್ಸಿನ ಮೆಟ್ಟಿಲಿನಲ್ಲಿ ಅಂಚು ತುಳಿದೆ. ಕಂಬಿ ಕೈಗೆ ಸಿಕ್ಕಿದ್ದರಿಂದ ಬಚಾವ್. ಕಂಡಕ್ಟರ್ "ನೋಡ್ಕೊಂಡು ಹತ್ತಿ ಮೇಡಂ" ಅಂದರೆ ನನಗೆ ಅಳುವೇ ಬಂದುಬಿಟ್ಟಿತು. ಆ ದಿನಗಳಲ್ಲಿ ಅಳು ಯಾವಾಗಲೂ ತುದಿಯಲ್ಲೇ ಇರುತ್ತಿತ್ತು, ಅದು ಬೇರೆ ಮಾತು.

ಕೊನೆಗೆ ಕೈಗೆ ಹತ್ತಿದ್ದು ಇದು: ಹುರಿಯಂಥ ಲಾಡಿ ತೆಗೆದು, ಹಳೆಯ ಕಾಟನ್ ದುಪಟ್ಟಾ ಹರಿದು ಒಂದಿಂಚು ಅಗಲದ ಪಟ್ಟಿ ಹೊಲಿದು ಪೋಣಿಸಿದೆ. ಗಂಟನ್ನು ಮುಂದೆ ಹಾಕದೆ ಎಡಪಕ್ಕಕ್ಕೆ ಹಾಕಿದೆ. ಮುಖ್ಯವಾಗಿ, ನಿಂತು ಕಟ್ಟುವುದನ್ನು ಬಿಟ್ಟೆ. ತಿಂಡಿ ತಿಂದಮೇಲೆ ಮಂಚದ ತುದಿಯಲ್ಲಿ ಕೂತು, ಒಳಗೆ ಎರಡು ಬೆರಳು ಇಟ್ಟುಕೊಂಡು ಗಂಟು ಬಿಗಿದು, ಆಮೇಲೆ ಬೆರಳು ತೆಗೆಯುವುದು. ಕೂತಾಗ ಹೊಟ್ಟೆ ಎಷ್ಟು ಜಾಗ ಕೇಳುತ್ತದೋ ಅದೇ ನಿಜವಾದ ಅಳತೆ.

ಇನ್ನೊಂದು ಕಷ್ಟ ಬ್ಲೌಸು. ಎದೆ ಮುಟ್ಟಿದರೆ ನೋವು, ಹುಕ್ಕು ಹಾಕಿಕೊಳ್ಳುವಾಗ ಹಲ್ಲು ಕಚ್ಚಬೇಕು. ಒಂದು ದಿನ ಬೋರ್ಡಿನ ಮೇಲ್ತುದಿಯಲ್ಲಿ ಓಮನ ನಿಯಮ ಬರೆಯಲು ಕೈ ಎತ್ತಿದೆ, ಟಪ್ ಅಂತ ಮೂರನೇ ಹುಕ್ಕು ಹಾರಿತು. ಅರವತ್ತು ಮಕ್ಕಳು ಹಿಂದೆ. ಸೆರಗು ಸರಿಮಾಡಿಕೊಂಡು ಬಲಗೈ ಎತ್ತದೆಯೇ ಉಳಿದ ಇಪ್ಪತ್ತು ನಿಮಿಷ ಬೋರ್ಡಿನ ಕೆಳಭಾಗದಲ್ಲೇ ಪಾಠ ಮುಗಿಸಿದೆ.

ಅವತ್ತು ಸಂಜೆಯೇ ಟೈಲರ್ ಅಕ್ಕನ ಹತ್ತಿರ ಹೋದೆ. ಒಳ್ಳೆಯ ಟೈಲರ್ ಬ್ಲೌಸಿನ ಪಕ್ಕದಲ್ಲಿ ಒಳಗೆ ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಒಂದು ಸಾಲು ಬಿಚ್ಚಿದರೆ ಬೇಕಾದಷ್ಟು ಸಡಿಲ ಸಿಗುತ್ತದೆ. "ದಪ್ಪ ಆಗಿದೀರಾ ಮೇಡಂ?" ಅಂದಳು. ಥೈರಾಯ್ಡ್ ಅಂದೆ. ಇರುವ ಬ್ಲೌಸನ್ನೆಲ್ಲ ಬಿಚ್ಚಿಸುವ ಅಗತ್ಯವಿಲ್ಲ. ಕಪ್ಪು, ಮರೂನ್, ಕೆನೆ ಬಣ್ಣದ ಮೂರು ಬ್ಲೌಸ್ ಬಿಚ್ಚಿಸಿ ಎಲ್ಲ ಸೀರೆಗೂ ಅವನ್ನೇ ಹೊಂದಿಸಿದೆ. ಬ್ರಾಗೆ ಹಿಂದೆ ಸೇರಿಸುವ ಹುಕ್ಕಿನ ಪಟ್ಟಿ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತದೆ, ಹೊಸದು ಕೊಳ್ಳುವ ಖರ್ಚು ಎರಡು ತಿಂಗಳು ಮುಂದಕ್ಕೆ ಹೋಯಿತು.

ವಾಕರಿಕೆಗೂ ಸೀರೆಗೂ ಸಂಬಂಧವಿದೆ ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೀರು ತೆಗೆದರೆ ನುಸಿಗುಳಿಗೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಗಂಜಿ ಹಾಕಿದ ಕಾಟನ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಏಳುವ ಬಿಸಿ ವಾಸನೆಯಂತೂ ಬೇಡವೇ ಬೇಡ. ಗಂಜಿ ಸೀರೆ ಉಬ್ಬಿ ನಿಂತು ಹೊಟ್ಟೆ ಮುಚ್ಚುತ್ತದೆ ಅಂತ ಲೆಕ್ಕ ಹಾಕಿದ್ದೆ, ಮೂಗು ಒಪ್ಪಲಿಲ್ಲ. ಭಾನುವಾರವೇ ಐದು ಮೆತ್ತನೆಯ ಸೀರೆ ಬಿಸಿಲಿಗೆ ಹಾಕಿ, ಗಂಡನ ಕೈಲಿ ಇಸ್ತ್ರಿ ಮಾಡಿಸಿ, ಬೀರುವಿಗೆ ಸೇರಿಸದೆ ಬಾಗಿಲ ಹಿಂದೆ ಹ್ಯಾಂಗರಿಗೆ ಹಾಕಿಬಿಡುತ್ತಿದ್ದೆ. ಅತ್ತೆಯವರ ಉಡುಪಿ ಸೀರೆಗಳು ಆಗ ಕಾಪಾಡಿದವು. ಹಗುರ, ಜಾರುವುದಿಲ್ಲ. ಸಿಂಥೆಟಿಕ್ ಸೀರೆಗೆ ಇಸ್ತ್ರಿ ಬೇಡ, ನಿಜ, ಆದರೆ ಬಸ್ಸಿನ ಸೆಕೆಗೆ ಅದು ಮೈಗೆ ಅಂಟಿಕೊಳ್ಳುತ್ತದೆ.

ಸೆರಗು ಯಾವಾಗಲೂ ಪದರ ಹಾಕಿ ಪಿನ್ ಮಾಡುತ್ತಿದ್ದೆ, ಅದನ್ನೇ ಮುಂದುವರಿಸಿದೆ. ಒಂದು ದಿನ ಪದರವಿಲ್ಲದೆ ಹರಡಿ ಬಿಟ್ಟುಕೊಂಡು ಹೋದೆ, ಹೊಟ್ಟೆ ಮುಚ್ಚಲಿ ಅಂತ. ಸ್ಟಾಫ್ ರೂಮಿನಲ್ಲಿ ಇಬ್ಬರು, "ಏನಿವತ್ತು ಹೊಸ ಥರ, ವಿಶೇಷಾನಾ?" ಅಂದರು. ಜನ ಹೊಟ್ಟೆ ನೋಡುವುದಿಲ್ಲ, ಬದಲಾದದ್ದನ್ನು ನೋಡುತ್ತಾರೆ. ಮರುದಿನದಿಂದ ಮತ್ತೆ ಪದರ. ವಾಂತಿ ಬಂದು ಬೇಸಿನ್ನಿಗೆ ಬಗ್ಗಿದಾಗ ಪಿನ್ ಮಾಡಿದ ಸೆರಗಿನ ತುದಿ ಜಾರಿ ನೀರಿಗೆ ಬೀಳುತ್ತದೆ, ಅದಕ್ಕೆ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಯೇ ಓಡಬೇಕು. ಈ ಒಂದು ಅಭ್ಯಾಸ ಬರುವಷ್ಟರಲ್ಲಿ ಎರಡು ಸೆರಗು ಹಾಳಾಗಿದ್ದವು.

ಲಂಗದ ಬಣ್ಣದ ಬಗ್ಗೆಯೂ ಹೇಳಬೇಕು. ಕಪ್ಪು ಲಂಗವೇ ಕ್ಷೇಮ ಅಂತ ಮೊದಲು ಅದನ್ನೇ ಉಡುತ್ತಿದ್ದೆ. ರಕ್ತ ಕಾಣಿಸಿದರೆ ತಡಮಾಡದೆ ಬನ್ನಿ ಅಂತ ಡಾಕ್ಟರ್ ಹೇಳಿದ್ದು ನೆನಪಾಯಿತು. ಕಪ್ಪಿನಲ್ಲಿ ಏನು ಕಾಣುತ್ತದೆ? ತಿಳಿ ಬಣ್ಣದ್ದಕ್ಕೆ ಬದಲಾಯಿಸಿದೆ. ಏನೂ ಆಗಲಿಲ್ಲ, ಸದ್ಯ. ಆದರೆ ಪ್ರತಿ ಬಾರಿ ಟಾಯ್ಲೆಟ್ಟಿಗೆ ಹೋದಾಗಲೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಸ್ಕ್ಯಾನಿಂಗ್ ದಿನ ಸೀರೆ ಬೇಡ. ಮೊದಲ ಸಲ ಕಾಲೇಜಿನಿಂದ ನೇರ ಹೋಗಿದ್ದೆ. ಲಂಗ ಸಡಿಲಿಸಿದ ಕೂಡಲೇ ನೆರಿಗೆಯೆಲ್ಲ ಬಿಚ್ಚಿಹೋಯಿತು. ಹೊಟ್ಟೆಯ ಮೇಲೆ ಜೆಲ್, ಹೊರಗೆ ಆರು ಜನ ಕಾಯುತ್ತಿದ್ದಾರೆ, ಪರದೆಯ ಹಿಂದೆ ಒಂದೂವರೆ ಅಡಿ ಜಾಗದಲ್ಲಿ ನಾನು ನೆರಿಗೆ ಹಿಡಿಯುತ್ತಿದ್ದೇನೆ. ಎನ್‌ಟಿ ಸ್ಕ್ಯಾನನ್ನು, ಅಂದರೆ ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಸ್ಕ್ಯಾನನ್ನು, 11 ರಿಂದ 14 ವಾರದೊಳಗೆ ಮಾಡಿಸಬೇಕು. ಅದಕ್ಕೆ ಶನಿವಾರವೇ ಹಿಡಿದು, ಉದ್ದ ಕುರ್ತಾ, ಸಡಿಲ ಪ್ಯಾಂಟಿನಲ್ಲಿ ಹೋದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿ ತನ್ನ ಬಸುರಿನಲ್ಲಿ ಹಳೆಯ ಪ್ಯಾಂಟಿನ ಕಾಜಕ್ಕೆ ತಲೆಯ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಗುಂಡಿಗೆ ಸುತ್ತಿ, ಮೇಲೆ ಉದ್ದನೆಯ ಶರ್ಟ್ ಹಾಕಿ ಕಳೆದಳಂತೆ. ಪುಣ್ಯವಂತೆ.

ಪಟ್ಟಿಯಲ್ಲಿ ಹೆಸರು ಬಂತು, ಸ್ಕ್ಯಾನೂ ಚೆನ್ನಾಗಿ ಬಂತು. ಹದಿಮೂರನೇ ವಾರ ಪ್ರಿನ್ಸಿಪಾಲರಿಗೆ ಹೇಳಿ, ಕ್ಲಾಸಿಗೊಂದು ಕುರ್ಚಿ ಕೇಳಿದೆ. ಕೊಟ್ಟರು. ಹೊರಗೆ ಬಂದರೆ ಅಟೆಂಡರ್ ಲಕ್ಷ್ಮಕ್ಕ ಗಂಟೆ ಹೊಡೆಯಲು ನಿಂತಿದ್ದಳು. ಅವಳಿಗೂ ಹೇಳೋಣ ಅಂತ ಬಾಯಿ ತೆಗೆದೆ.

"ಗೊತ್ತು ಬಿಡಿ ಮೇಡಂ, ಸಂಕ್ರಾಂತಿಗೇ ಗೊತ್ತಾಯ್ತು."

"ಹೆಂಗೆ? ಸೀರೇಲಿ ಕಾಣಿಸ್ತಿತ್ತಾ?"

"ಸೀರೆ ಯಾರು ನೋಡ್ತಾರೆ. ದಿನಾ ಮಲ್ಲಿಗೆ ಮುಡ್ಕೊಂಡು ಬರೋರು, ಹಬ್ಬದ ದಿನ ನಾನು ಕೊಟ್ಟ ಹೂವನ್ನ ಮೂಗು ಮುಚ್ಕೊಂಡು ಟೇಬಲ್ ಮೇಲಿಟ್ರಲ್ಲ."