ಮೂರು ಕಂಪ್ಯೂಟರ್, ಒಂದೇ ಡೇಟಾಬೇಸ್: ಕಸಾಂಡ್ರಾ ಕೂಡಿಸುವುದು ಹೇಗೆ?

ಪ್ರಾಜೆಕ್ಟ್ ತೋರಿಸುವ ದಿನ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಧಾರವಾಡದ ಸಪ್ತಾಪುರದಲ್ಲೂ ಒಂದೇ ಪಾಡು. ಹಲವು ಕಂಪ್ಯೂಟರುಗಳನ್ನು ಕೂಡಿಸಿ ಒಂದೇ ಡೇಟಾಬೇಸ್ ಆಗಿಸುವ ಕಸಾಂಡ್ರಾ ಮೂರು ಕಂಪ್ಯೂಟರಿನಲ್ಲಿ ಓಡುತ್ತಿರುತ್ತದೆ, ಎರರ್ ಎಲ್ಲೂ ಇಲ್ಲ. ಆದರೆ ‘ನೋಡ್‌ಟೂಲ್ ಸ್ಟೇಟಸ್’ ಎಂದು, ಅಂದರೆ ಯಾರ್ಯಾರು ಕೂಡಿದ್ದಾರೆ ಎಂದು ಕೇಳಿದರೆ ಮೂರರಲ್ಲೂ ಒಂದೊಂದೇ ಸಾಲು. ಕೂಡಿದ್ದು ಏನೂ ಇಲ್ಲ; ಮೂರು ಮನೆ, ಮೂರು ಒಲೆ. ತಪ್ಪು ಬಹುತೇಕ ಒಂದೇ ಕಡೆ ಇರುತ್ತದೆ: ವಿಳಾಸ ಬರೆಯುವ ಕೆಲವು ಸಾಲುಗಳಲ್ಲಿ. ಈ ಲೇಖನದ ಉದ್ದನೆಯ ಭಾಗ ಅದಕ್ಕೇ ಮೀಸಲು.

ಕಸಾಂಡ್ರಾ ಹುಟ್ಟಿದ್ದು ಫೇಸ್‌ಬುಕ್‌ನಲ್ಲಿ, ಇನ್‌ಬಾಕ್ಸ್ ಹುಡುಕಾಟಕ್ಕಾಗಿ. 2008ರಲ್ಲಿ ಮುಕ್ತವಾಗಿ ಹೊರಬಂತು, 2010ರಲ್ಲಿ ಮುಕ್ತ ತಂತ್ರಾಂಶಗಳ ಸಂಸ್ಥೆಯಾದ ಅಪಾಚೆಯ ಪೂರ್ಣ ಯೋಜನೆಯಾಯಿತು. ಕೂಡಿದ ಒಂದೊಂದು ಕಂಪ್ಯೂಟರಿಗೂ ನೋಡ್ ಎನ್ನುತ್ತಾರೆ. ಇದರಲ್ಲಿ ಯಜಮಾನ ಕಂಪ್ಯೂಟರ್ ಎಂಬುದಿಲ್ಲ, ಎಲ್ಲ ನೋಡ್‌ಗಳೂ ಸಮಾನ. ಯಾವುದನ್ನು ಮಾತಾಡಿಸಿದರೂ ಉತ್ತರ ಬರುತ್ತದೆ.

ಇಲ್ಲಿ ಕನ್ನಡದಲ್ಲಿ ಕೊಟ್ಟ ಸೆಟ್ಟಿಂಗ್ ಹೆಸರುಗಳನ್ನು ಕಸಾಂಡ್ರಾದ ಸೆಟ್ಟಿಂಗ್ ಫೈಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಇಟ್ಟು ಬರೆದಿರುತ್ತಾರೆ. ಹಾಗೇ ಹುಡುಕಿ.

1. ಏನೇನು ಬೇಕು

8 ಜಿಬಿ ರ‍್ಯಾಮ್ ಇರುವ ಮೂರು ಡೆಸ್ಕ್‌ಟಾಪ್, ಎಸ್‌ಎಸ್‌ಡಿ, ಒಂದು ಸ್ವಿಚ್, ಮೂರು ಕೇಬಲ್, ಉಬುಂಟು. ಎರಡೇ ಕಂಪ್ಯೂಟರಿನಲ್ಲಿ ಮುಗಿಸೋಣ ಅನ್ನಬೇಡಿ. ಮಾಹಿತಿಯ ಎರಡು ಪ್ರತಿ ಇಟ್ಟರೆ ಬಹುಮತ ಎಂದರೂ ಎರಡೇ. ಒಂದು ಕೆಟ್ಟರೆ ಬಹುಮತ ಕೇಳುವ ಕೆಲಸವೆಲ್ಲ ನಿಂತಿತು. ಮೂರಿದ್ದರೆ ಒಂದು ಮಲಗಿದರೂ ಉಳಿದೆರಡು ಸಾಗಿಸುತ್ತವೆ.

ಕಸಾಂಡ್ರಾ 5.0ಕ್ಕೆ ಜಾವಾ 11 ಅಥವಾ 17 ಬೇಕು. ‘ಡಿಫಾಲ್ಟ್ ಜೆಡಿಕೆ’ ಎಂದು ಹಾಕಿದರೆ ಉಬುಂಟು 24.04ರಲ್ಲಿ ಬರುವುದು 21. ಅದರ ಮೇಲೆ ಕಸಾಂಡ್ರಾ ಏಳದು. ಹೆಸರು ಹಿಡಿದು ಓಪನ್‌ಜೆಡಿಕೆ 17ನ್ನೇ ಹಾಕಿ. ವಿಂಡೋಸ್ ಬೆಂಬಲವನ್ನು 4.0ರಲ್ಲೇ ಕೈಬಿಟ್ಟಿದ್ದಾರೆ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಅಡ್ಡದಾರಿ ಒಬ್ಬರೇ ಕಲಿಯುವುದಕ್ಕೆ ಸರಿ. ಮೂರು ಕಂಪ್ಯೂಟರ್ ಕೂಡಿಸಲು ಹೋದರೆ ಒಳಗಿನ ಲಿನಕ್ಸ್‌ನ ವಿಳಾಸ ಹೊರಗಿನವರಿಗೆ ಕಾಣದೆ ದಿನವೇ ಹಾಳು.

ವೈಫೈ ಬೇಡ. ಹಾಸ್ಟೆಲ್, ಕಾಲೇಜುಗಳ ಎಷ್ಟೋ ವೈಫೈಗಳಲ್ಲಿ ಒಂದು ಲ್ಯಾಪ್‌ಟಾಪ್ ಇನ್ನೊಂದನ್ನು ನೋಡದಂತೆ ಕಟ್ಟು ಹಾಕಿರುತ್ತಾರೆ. ಇಂಟರ್ನೆಟ್ ಚೆನ್ನಾಗಿ ಬರುತ್ತದೆ, ಪಕ್ಕದ ಟೇಬಲ್ಲಿನ ಕಂಪ್ಯೂಟರ್ ಮಾತ್ರ ಸಿಗುವುದಿಲ್ಲ.

ಪ್ರತಿ ಕಂಪ್ಯೂಟರಿಗೂ ಬದಲಾಗದ ಐಪಿ ಕೊಡಿ. ಇಲ್ಲಿ 192.168.1.11, 12, 13 ಎಂದು ಇಟ್ಟುಕೊಳ್ಳೋಣ. ರೂಟರ್ ದಿನಕ್ಕೊಂದು ವಿಳಾಸ ಹಂಚುತ್ತಿದ್ದರೆ ನಿನ್ನೆ ಕೂಡಿದ್ದು ಇವತ್ತು ಬಿಡಿಬಿಡಿ.

ಇನ್ನು ಗಡಿಯಾರ. ಒಂದೇ ಮಾಹಿತಿಯ ಎರಡು ರೂಪ ಸಿಕ್ಕರೆ ಯಾವುದರ ಸಮಯ ಮುಂದಿದೆಯೋ ಅದನ್ನೇ ಕಸಾಂಡ್ರಾ ನಿಜ ಎನ್ನುತ್ತದೆ. ಒಂದು ಕಂಪ್ಯೂಟರಿನ ಗಡಿಯಾರ ಐದು ನಿಮಿಷ ಮುಂದಿದ್ದರೆ ಅದು ಬರೆದದ್ದನ್ನು ಉಳಿದವರು ಐದು ನಿಮಿಷ ತಿದ್ದಲಾರರು. ತಿದ್ದಿದಂತೆ ಕಾಣುತ್ತದೆ, ಓದಿದರೆ ಹಳೆಯದೇ. ಪ್ರೋಗ್ರಾಮನ್ನು ಕಸಾಂಡ್ರಾಕ್ಕೆ ಜೋಡಿಸುವ ಈಗಿನ ಡ್ರೈವರ್‌ಗಳು ಸಮಯವನ್ನು ತಾವೇ ಹಚ್ಚಿ ಕಳಿಸುವುದರಿಂದ, ಪ್ರೋಗ್ರಾಂ ಓಡುವ ಲ್ಯಾಪ್‌ಟಾಪಿನ ಗಡಿಯಾರವೂ ಸರಿಯಿರಬೇಕು. ಎಲ್ಲದರಲ್ಲೂ ಗಡಿಯಾರ ಸರಿಹೊಂದಿಸುವ ಕ್ರೋನಿ ಹಾಕಿ. ಲ್ಯಾಬಿನ ಹಳೇ ಡೆಸ್ಕ್‌ಟಾಪ್ ಆರಿಸಿ ಹಚ್ಚಿದಾಗಲೆಲ್ಲ ಹಳೆಯ ಇಸವಿ ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್ ಸತ್ತಿದೆ. ಸಾಮಾನ್ಯವಾಗಿ ಸಿಆರ್ 2032 ಇರುತ್ತದೆ, ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

2. ಹಾಕಿದ ಕೂಡಲೇ ನಿಲ್ಲಿಸಿ

ಅಪಾಚೆಯ ಭಂಡಾರದಿಂದ ಪ್ಯಾಕೇಜ್ ಹಾಕುವುದು ಸುಲಭ. ಮಂದಿ ಮೋಸ ಹೋಗುವುದು ಅದರ ಮರುಕ್ಷಣದಲ್ಲಿ: ಹಾಕಿ ಮುಗಿಯುತ್ತಲೇ ಸರ್ವೀಸ್ ತಾನೇ ಶುರುವಾಗಿ, ಕ್ಲಸ್ಟರಿಗೆ, ಅಂದರೆ ಕೂಡಿದ ಗುಂಪಿಗೆ, ‘ಟೆಸ್ಟ್ ಕ್ಲಸ್ಟರ್’ ಎಂಬ ಹೆಸರನ್ನು ಡಿಸ್ಕಿಗೆ ಬರೆದುಬಿಟ್ಟಿರುತ್ತದೆ. ಆಮೇಲೆ ನೀವು ಹೆಸರು ಬದಲಿಸಿದರೆ ‘ಉಳಿಸಿದ ಹೆಸರು ಬೇರೆ, ಬರೆದ ಹೆಸರು ಬೇರೆ’ ಎಂದು ಎರರ್ ಕೊಟ್ಟು ನಿಲ್ಲುತ್ತದೆ.

ಆದ್ದರಿಂದ ಮೂರರಲ್ಲೂ ಸರ್ವೀಸ್ ನಿಲ್ಲಿಸಿ, ವಾರ್ (var) ಒಳಗಿನ ಲಿಬ್, ಅದರೊಳಗಿನ ಕಸಾಂಡ್ರಾ ಫೋಲ್ಡರಿಗೆ ಹೋಗಿ ಡೇಟಾ, ಕಮಿಟ್‌ಲಾಗ್, ಸೇವ್ಡ್ ಕ್ಯಾಷಸ್, ಹಿಂಟ್ಸ್ ಇವುಗಳ ಒಳಗಿನದನ್ನು ಅಳಿಸಿ. ಫೋಲ್ಡರ್ ಹಾಗೇ ಇರಲಿ. ಇದು ಹೊಸದಾಗಿ ಹಾಕಿದ ಕಂಪ್ಯೂಟರಿಗೆ ಮಾತ್ರ. ಮಾಹಿತಿ ತುಂಬಿದ ನೋಡ್‌ನಲ್ಲಿ ಮಾಡಿದರೆ ಎಲ್ಲ ಹೋಯಿತು. ‘ಸುಡೋ’ ಹಚ್ಚಿ ಕಸಾಂಡ್ರಾವನ್ನು ಕೈಯಾರೆ ಓಡಿಸಲೂಬೇಡಿ. ಫೈಲುಗಳು ರೂಟ್‌ನ ಪಾಲಾಗುತ್ತವೆ, ಮುಂದಿನ ಸಲ ಸರ್ವೀಸ್ ಅವನ್ನು ಮುಟ್ಟಲಾರದೆ ಬೀಳುತ್ತದೆ.

3. ಎರಡು ಬಾಗಿಲು, ನಾಲ್ಕು ಸಾಲು

ಇಟಿಸಿ ಒಳಗಿನ ಕಸಾಂಡ್ರಾ ಫೋಲ್ಡರಿನಲ್ಲಿ ಕಸಾಂಡ್ರಾ ಯಾಮಲ್ ಎಂಬ ಫೈಲಿದೆ. ಪ್ರತಿ ನೋಡ್ ಒಂದು ಮನೆ ಅಂದುಕೊಳ್ಳಿ. ಹಿತ್ತಲ ಬಾಗಿಲು 7000ನೆಯ ಪೋರ್ಟ್. ನೋಡ್‌ಗಳು ತಮ್ಮತಮ್ಮಲ್ಲಿ ಮಾತಾಡುವುದು ಇಲ್ಲಿ. ಮುಂಬಾಗಿಲು 9042, ನಿಮ್ಮ ಪ್ರೋಗ್ರಾಂ ಬಂದು ಕದ ತಟ್ಟುವುದು ಇಲ್ಲಿ. ಯಾವ ಬಾಗಿಲಿನ ವಿಳಾಸ ಯಾವ ಸಾಲಿನಲ್ಲಿದೆ ಎಂಬುದು ಅದಲುಬದಲಾದರೆ ಕಿರಿಕಿರಿ ಶುರು.

ಲಿಸನ್ ಅಡ್ರೆಸ್ ಹಿತ್ತಲ ಬಾಗಿಲಿನದು. ಮೊದಲಿಗೆ ‘ಲೋಕಲ್‌ಹೋಸ್ಟ್’ ಎಂದಿರುತ್ತದೆ, ಅಂದರೆ ಒಳಗಿನಿಂದ ಚಿಲಕ. ಇಲ್ಲಿ ಆಯಾ ಕಂಪ್ಯೂಟರಿನ ಸ್ವಂತ ಐಪಿ ಬರೆಯಿರಿ: 11ರಲ್ಲಿ 11, 12ರಲ್ಲಿ 12. 0.0.0.0 ಎಂದು ಬರೆಯುವ ಅಡ್ಡದಾರಿ ಇಲ್ಲಿ ನಡೆಯದು, ಕಸಾಂಡ್ರಾ ಶುರುವಾಗಲು ಒಪ್ಪುವುದೇ ಇಲ್ಲ. ಖಾಲಿ ಬಿಟ್ಟರೆ ತಾನೇ ಹುಡುಕಿಕೊಳ್ಳುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ಅದು ಹುಡುಕುವುದು ಕಂಪ್ಯೂಟರಿನ ಹೆಸರಿಗೆ ಯಾವ ಐಪಿ ಇದೆ ಎಂದು. ಉಬುಂಟುವಿನ ಹೋಸ್ಟ್ಸ್ ಫೈಲಿನಲ್ಲಿ ಆ ಹೆಸರಿನ ಎದುರು 127.0.1.1 ಎಂದಿರುತ್ತದೆ. ಮತ್ತೆ ಒಳಚಿಲಕವೇ ಬಿತ್ತು. ಖಾಲಿ ಬಿಡಬೇಡಿ.

ಆರ್‌ಪಿಸಿ ಅಡ್ರೆಸ್ ಮುಂಬಾಗಿಲಿನದು. ಹಳೆಯ ಹೆಸರು ಹಾಗೇ ಉಳಿದುಕೊಂಡಿದೆ, ಗಾಬರಿ ಬೇಡ. ಇಲ್ಲೂ ಅದೇ ಸ್ವಂತ ಐಪಿ. ಇಲ್ಲಿ 0.0.0.0 ನಡೆಯುತ್ತದೆ, ಆದರೆ ಆಗ ಬ್ರಾಡ್‌ಕಾಸ್ಟ್ ಆರ್‌ಪಿಸಿ ಅಡ್ರೆಸ್‌ನಲ್ಲಿ ನಿಜವಾದ ಐಪಿ ಕೊಡಲೇಬೇಕು. ಲ್ಯಾಬಿನಲ್ಲಿ ಅದರ ಗೊಡವೆಯೇ ಬೇಡ: ಲಿಸನ್, ಆರ್‌ಪಿಸಿ ಎರಡಕ್ಕೂ ಒಂದೇ ಐಪಿ ಬರೆದು, ಬ್ರಾಡ್‌ಕಾಸ್ಟ್‌ನ ಎರಡು ಸಾಲುಗಳನ್ನು ಮುಟ್ಟದೆ ಬಿಡಿ. ಹೊರಗಿನವರಿಗೆ ಬೇರೆಯದೇ ವಿಳಾಸ ಕಾಣುವ ಕ್ಲೌಡ್, ಡಾಕರ್‌ಗಳಲ್ಲಿ ಮಾತ್ರ ಅವು ಬೇಕು.

ಈ ನಾಲ್ಕರ ಹೊರಗೆ ಅತಿ ಮುಖ್ಯವಾದದ್ದು ಸೀಡ್ಸ್. ಹೊಸದಾಗಿ ಎದ್ದ ನೋಡ್ ‘ಊರಲ್ಲಿ ಇನ್ನಾರಿದ್ದಾರೆ’ ಎಂದು ಮೊದಲು ಕೇಳುವ ಮನೆಗಳ ಪಟ್ಟಿ ಇದು. ಫೈಲಿನಲ್ಲಿ ಮೊದಲಿಗೆ 127.0.0.1:7000 ಎಂದಿರುತ್ತದೆ. ಲಿಸನ್ ಅಡ್ರೆಸ್ ಜೊತೆ ಇದನ್ನೂ ಮುಟ್ಟದೆ ಬಿಟ್ಟರೆ, ಅಥವಾ ಪ್ರತಿ ಕಂಪ್ಯೂಟರಿನಲ್ಲೂ ಅದರದೇ ಐಪಿ ಬರೆದರೆ, ಪ್ರತಿಯೊಂದೂ ತನ್ನನ್ನೇ ಕೇಳಿಕೊಂಡು ‘ಯಾರೂ ಇಲ್ಲ’ ಎಂದು ತೀರ್ಮಾನಿಸುತ್ತದೆ. ಆರಂಭದಲ್ಲಿ ಹೇಳಿದ ಮೂರು ಒಲೆ ಹೊತ್ತುವುದು ಹೀಗೆ. ಮೂರರಲ್ಲೂ ಅಕ್ಷರ ಬಿಡದೆ ಒಂದೇ ಪಟ್ಟಿ ಇರಲಿ: 192.168.1.11:7000, ಅಲ್ಪವಿರಾಮ, 192.168.1.12:7000. ಎರಡು ಸೀಡ್ ಸಾಕು. ಸೀಡ್ ಎಂದರೆ ಯಜಮಾನನಲ್ಲ, ದಾರಿ ತೋರಿಸುವವ ಅಷ್ಟೇ. ಮುಂದೆ, ಮಾಹಿತಿ ತುಂಬಿದ ಮೇಲೆ ನಾಲ್ಕನೆಯದನ್ನು ಸೇರಿಸುವಾಗ ಅದರ ಐಪಿಯನ್ನು ಅದರದೇ ಸೀಡ್ ಪಟ್ಟಿಗೆ ಹಾಕಬೇಡಿ. ಸೀಡ್ ಆದ ನೋಡ್ ಹಳೆಯ ಮಾಹಿತಿಯ ತನ್ನ ಪಾಲನ್ನು ತರಿಸಿಕೊಳ್ಳದೆ ಖಾಲಿ ಕೈಯಲ್ಲೇ ಕೆಲಸಕ್ಕೆ ನಿಲ್ಲುತ್ತದೆ.

ಕ್ಲಸ್ಟರ್ ನೇಮ್ ಮೂರರಲ್ಲೂ ಒಂದೇ. ಯಾವ ನೋಡ್ ಯಾವ ಡೇಟಾಸೆಂಟರಿನದು (ಒಂದೆಡೆಯ ನೋಡ್‌ಗಳ ಗುಂಪು) ಎಂದು ಹೇಳುವುದು ಸ್ನಿಚ್. ಎಂಡ್‌ಪಾಯಿಂಟ್ ಸ್ನಿಚ್‌ನಲ್ಲಿ ಗಾಸಿಪಿಂಗ್ ಪ್ರಾಪರ್ಟಿ ಫೈಲ್ ಸ್ನಿಚ್ (GossipingPropertyFileSnitch) ಹಾಕಿ. ಇದನ್ನು ಮೊದಲ ಸಲ ಹಚ್ಚುವ ಮುಂಚೆಯೇ ಮಾಡಬೇಕು. ಮೊದಲೇ ಇರುವ ಸಿಂಪಲ್ ಸ್ನಿಚ್ ಡೇಟಾಸೆಂಟರಿಗೆ ‘ಡೇಟಾಸೆಂಟರ್1’ ಎನ್ನುತ್ತದೆ, ಇದು ‘ಡಿಸಿ1’ ಎನ್ನುತ್ತದೆ. ನಡುವೆ ಬದಲಿಸಿದರೆ ನೋಡ್ ಏಳುವುದಿಲ್ಲ.

ಯಾಮಲ್ ಫೈಲಿನಲ್ಲಿ ಟ್ಯಾಬ್ ಒತ್ತುವಂತಿಲ್ಲ, ಕೋಲನ್ ಆದ ಮೇಲೆ ಒಂದು ಸ್ಪೇಸ್ ಬೇಕೇ ಬೇಕು. ‘ಎಲ್ಲ ಸರಿ ಬರೆದೇನಿ, ಆದ್ರೂ ಏಳವಲ್ತು’ ಎನ್ನುವವರು ಮೊದಲು ಆ ಸ್ಪೇಸ್ ನೋಡಿಕೊಳ್ಳಿ.

ಫೈರ್‌ವಾಲ್‌ನಲ್ಲಿ 7000 ಮತ್ತು 9042ನ್ನು ಲ್ಯಾಬಿನ ಐಪಿಗಳಿಗೆ ಮಾತ್ರ ತೆರೆಯಿರಿ. 7199ನ್ನು ಹೊರಗೆ ತೆರೆಯುವುದೇ ಬೇಡ, ಅದು ನೋಡ್‌ಟೂಲ್‌ನದು. ಫೈರ್‌ವಾಲನ್ನೇ ಆರಿಸಿಬಿಡಿ ಎಂಬ ಸಲಹೆಯನ್ನು ನಂಬಬೇಡಿ.

4. ಒಂದೊಂದಾಗಿ ಹಚ್ಚಿ

ಮೂರನ್ನೂ ಒಮ್ಮೆಲೇ ಹಚ್ಚಬೇಡಿ. ಮೊದಲು 11, ಎರಡು ನಿಮಿಷ ಬಿಟ್ಟು 12, ಮತ್ತೆರಡು ನಿಮಿಷಕ್ಕೆ 13. ಲಾಗ್‌ನಲ್ಲಿ ಸಿಕ್ಯೂಎಲ್ ಕ್ಲೈಂಟ್‌ಗಳಿಗಾಗಿ 9042ರಲ್ಲಿ ಕಾಯುತ್ತಿರುವುದಾಗಿ ಸಾಲು ಬರುವವರೆಗೆ ಮುಂಬಾಗಿಲು ತೆರೆದಿಲ್ಲ ಎಂದೇ ಲೆಕ್ಕ. ಸರ್ವೀಸ್ ‘ಆಕ್ಟಿವ್’ ಎಂದು ತೋರಿಸುವುದನ್ನು ನಂಬಿ ಕನೆಕ್ಟ್ ಮಾಡಿ, ಆಗಲಿಲ್ಲವೆಂದು ಫೈಲ್ ಕೆದಕುವವರು ಬಹಳ.

ನೋಡ್‌ಟೂಲ್ ಸ್ಟೇಟಸ್‌ನಲ್ಲಿ ಮೂರು ಸಾಲು, ಮೂರರ ಮುಂದೆಯೂ ‘ಯುಎನ್’ ಬಂದರೆ ಕೂಡಿತು. ‘ಯುಜೆ’ ಎಂದರೆ ಇನ್ನೂ ಸೇರಿಕೊಳ್ಳುತ್ತಿದೆ, ತಾಳಿ. ‘ಡಿಎನ್’ ಎಂದರೆ ಬಿದ್ದಿದೆ. ಮೂರೂ ಕಡೆ ಕೇಳಿ ನೋಡಿ, ಒಂದೇ ಕಡೆಯ ಉತ್ತರ ಸಾಲದು.

5. ಕನೆಕ್ಟ್ ಮಾಡುವುದು

ಮೊದಲು ಸಿಕ್ಯೂಎಲ್ ಶೆಲ್ (cqlsh), ಅಂದರೆ ಕಸಾಂಡ್ರಾಕ್ಕೆ ಆಜ್ಞೆ ಟೈಪ್ ಮಾಡುವ ಕಿಟಕಿ. ಐಪಿ ಕೊಡದೆ ಸುಮ್ಮನೆ ಶೆಲ್ ಎಂದರೆ ಅದು 127.0.0.1ನ್ನು ಹುಡುಕಿಕೊಂಡು ಹೋಗುತ್ತದೆ. ನಾವು ಮುಂಬಾಗಿಲನ್ನು 192.168.1.11ಕ್ಕೆ ಸರಿಸಿದ್ದೇವೆ. ಐಪಿ ಹೇಳಿಯೇ ಕರೆಯಿರಿ. ಪೈಥಾನ್ 3.12 ಇದ್ದರೆ ಶೆಲ್ ಮಾಡ್ಯೂಲ್ ಸಿಗಲಿಲ್ಲವೆಂದು ಮುನಿಯಬಹುದು, 3.11 ಹಾಕಿಕೊಳ್ಳಿ.

ಕೀಸ್ಪೇಸ್ (ಟೇಬಲ್‌ಗಳನ್ನು ಇಡುವ ಗೂಡು) ಮಾಡುವಾಗ ನೆಟ್‌ವರ್ಕ್ ಟೋಪೋಲಜಿ ಸ್ಟ್ರಾಟಜಿ, ಡಿಸಿ1ಕ್ಕೆ 3, ಅಂದರೆ ಮೂರು ಪ್ರತಿ ಎಂದು ಕೊಡಿ. ಹೆಸರು ಸಣ್ಣಕ್ಷರದಲ್ಲೇ ಇರಲಿ, ದೊಡ್ಡಕ್ಷರದ ಡಿಸಿ1 ಕಸಾಂಡ್ರಾಕ್ಕೆ ಬೇರೆ ಊರು. ಶೆಲ್‌ನಲ್ಲಿ ಒಬ್ಬನ ಉತ್ತರ ಸಾಕು ಎಂಬುದೇ ಮೂಲ ನಿಯಮ. ‘ಕನ್ಸಿಸ್ಟೆನ್ಸಿ ಕೋರಂ’, ಅಂದರೆ ಬಹುಮತದ ಉತ್ತರ ಬೇಕು ಎಂದು ಕೊಟ್ಟ ಮೇಲೆ ಒಂದು ಕಂಪ್ಯೂಟರ್ ಬಂದ್ ಮಾಡಿ ಪರೀಕ್ಷೆ ಮಾಡಿ.

ಪ್ರೋಗ್ರಾಂನಿಂದ ಹೋಗುವಾಗ ಒಂದು ಸೂಕ್ಷ್ಮ ತಿಳಿದಿರಬೇಕು. ನೀವು ಕೊಟ್ಟ ಐಪಿ ಬರೀ ಮೊದಲ ಪರಿಚಯಕ್ಕೆ. ಡ್ರೈವರ್ ಆ ನೋಡ್ ಹತ್ತಿರ ಉಳಿದವರ ಮುಂಬಾಗಿಲಿನ ವಿಳಾಸ ಕೇಳಿಕೊಂಡು, ಆಮೇಲೆ ನೇರ ಅವರ ಮನೆಗೇ ಹೋಗುತ್ತದೆ. ಡಾಕರ್‌ನಲ್ಲಿ ಓಡಿಸಿದಾಗ ಒಂದು ನೋಡ್ ಸಿಕ್ಕು ಉಳಿದೆರಡು ಸಿಗದೆ ಒದ್ದಾಡುವುದು ಇದಕ್ಕೇ: ನೋಡ್‌ಗಳು 172ರಿಂದ ಶುರುವಾಗುವ ಒಳವಿಳಾಸ ಹೇಳಿಕೊಡುತ್ತವೆ, ಹೊರಗಿನ ಲ್ಯಾಪ್‌ಟಾಪಿಗೆ ಆ ಓಣಿಯೇ ಗೊತ್ತಿಲ್ಲ. ಮದ್ದು ಬ್ರಾಡ್‌ಕಾಸ್ಟ್ ಆರ್‌ಪಿಸಿ ಅಡ್ರೆಸ್.

ಡ್ರೈವರಿಗೆ ಕನಿಷ್ಠ ಎರಡು ಐಪಿ ಕೊಡಿ, ಲೋಕಲ್ ಡೇಟಾಸೆಂಟರ್ ಡಿಸಿ1 ಎಂದು ಹೇಳಿ. ಸೆಷನ್ (ಡ್ರೈವರ್ ತೆರೆದಿಡುವ ಸಂಪರ್ಕ) ಒಂದೇ ಸಲ ತೆರೆದು ಪ್ರೋಗ್ರಾಂ ಮುಗಿಯುವವರೆಗೆ ಅದನ್ನೇ ಬಳಸಿ. ಪ್ರತಿ ಸಾಲು ಸೇರಿಸಲು ಹೊಸ ಸೆಷನ್ ತೆರೆದು, ‘ಕಸಾಂಡ್ರಾ ನಿಧಾನ’ ಎಂದು ವರದಿ ಬರೆಯುವುದು ತಪ್ಪು.

6. ಟೇಬಲ್

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಲಾಟ್‌ಗಳ ಲೆಕ್ಕ ಅನ್ನಿ. ತಳಿ ಮತ್ತು ದಿನಾಂಕ ಕೂಡಿ ಪಾರ್ಟಿಷನ್ ಕೀ (ಮಾಹಿತಿ ಯಾವ ನೋಡ್‌ನಲ್ಲಿ ಇರಬೇಕೆಂದು ತೀರ್ಮಾನಿಸುವ ಕೀ), ಲಾಟ್ ಸಂಖ್ಯೆ ಅದರ ಕೆಳಗಿನ ಕ್ರಮ. ಆಗ ‘ಇಂಥ ದಿನದ ಡಬ್ಬಿ ತಳಿಯ ಲಾಟ್‌ಗಳೆಲ್ಲ ಕೊಡು’ ಎಂದರೆ ಥಟ್ಟನೆ ಬರುತ್ತದೆ. ರೈತನ ಹೆಸರು ಹಿಡಿದು ಹುಡುಕಿದರೆ ‘ಅಲೋ ಫಿಲ್ಟರಿಂಗ್’ ಸೇರಿಸು ಎನ್ನುತ್ತದೆ. ಸೇರಿಸಬೇಡಿ. ಅದು ಒಂದು ಚೀಲಕ್ಕಾಗಿ ಇಡೀ ಮಾರುಕಟ್ಟೆಯ ಚೀಲ ಬಿಚ್ಚಿಸಿದಂತೆ. ರೈತನ ಹೆಸರನ್ನೇ ಪಾರ್ಟಿಷನ್ ಕೀ ಮಾಡಿ ಇನ್ನೊಂದು ಟೇಬಲ್ ಇಡಿ, ಎರಡಕ್ಕೂ ಬರೆಯಿರಿ. ಅದೇ ತಳಿ, ಅದೇ ದಿನ, ಅದೇ ಲಾಟ್ ಸಂಖ್ಯೆಯನ್ನು ಎರಡನೆಯ ಸಲ ಸೇರಿಸಿದರೆ ಎರರ್ ಬರುವುದಿಲ್ಲ. ಹಳೆಯದರ ಮೇಲೆ ಸದ್ದಿಲ್ಲದೆ ಬರೆದುಬಿಡುತ್ತದೆ.

7. ಕೀಲಿ, ಕರೆಂಟು, ರಜೆ

ಮೊದಲಿಗೆ ಪಾಸ್‌ವರ್ಡ್ ಎಂಬುದೇ ಇರುವುದಿಲ್ಲ. ಅಥೆಂಟಿಕೇಟರನ್ನು ಪಾಸ್‌ವರ್ಡ್ ಅಥೆಂಟಿಕೇಟರ್‌ಗೆ (PasswordAuthenticator) ಬದಲಿಸಿ, ಒಳಹೊಕ್ಕು (ಹೆಸರು, ಗುಪ್ತಪದ ಎರಡೂ ಕಸಾಂಡ್ರಾ) ಹೊಸ ಸೂಪರ್‌ಯೂಸರ್ ಮಾಡಿ ಹಳೆಯದನ್ನು ಮುಚ್ಚಿ. ಈ ಹೆಸರು, ಗುಪ್ತಪದಗಳಿರುವ ಸಿಸ್ಟಮ್ ಆಥ್ ಕೀಸ್ಪೇಸಿನ ಪ್ರತಿಗಳನ್ನು 1ರಿಂದ 3ಕ್ಕೆ ಏರಿಸಿ ರಿಪೇರಿ (ಪ್ರತಿಗಳನ್ನು ಹೋಲಿಸಿ ಸರಿಹೊಂದಿಸುವ ಆಜ್ಞೆ) ಓಡಿಸುವುದನ್ನು ಮರೆತರೆ, ಆ ಒಂದು ಪ್ರತಿ ಇರುವ ಕಂಪ್ಯೂಟರ್ ಆರಿದ ದಿನ ಉಳಿದೆರಡು ಎದ್ದಿದ್ದರೂ ಲಾಗಿನ್ ಆಗುವುದಿಲ್ಲ.

ಬರೆದದ್ದು ಆಯಿತು ಎಂದು ಉತ್ತರ ಬಂದ ಮೇಲೂ ಅದು ಡಿಸ್ಕಿಗೆ ಗಟ್ಟಿಯಾಗಿ ಇಳಿಯಲು 10 ಸೆಕೆಂಡಿನವರೆಗೆ ಹಿಡಿಯಬಹುದು, ಮೂಲ ಸೆಟ್ಟಿಂಗ್ ಹಾಗಿದೆ. ಒಂದು ಕಂಪ್ಯೂಟರ್ ಆರಿದರೆ ಚಿಂತೆಯಿಲ್ಲ, ಪ್ರತಿ ಬೇರೆಡೆ ಇದೆ. ಮೂರೂ ಒಂದೇ ಯುಪಿಎಸ್‌ಗೆ ಕಟ್ಟಿ ಮಳೆಗಾಲದಲ್ಲಿ ಕರೆಂಟ್ ಹೋಯಿತೆಂದರೆ ಆ ಸೆಕೆಂಡುಗಳು ಹೋದಂತೆಯೇ. ಕನಿಷ್ಠ ಎರಡು ಬೇರೆ ಬೇರೆ ಯುಪಿಎಸ್ ಇರಲಿ. 600 ವಿಎ ಡಬ್ಬಿಗೆ ಮೂರು ಡೆಸ್ಕ್‌ಟಾಪ್ ಕಟ್ಟುವುದಂತೂ ಬೇಡವೇ ಬೇಡ. ನೀವಾಗಿ ಆರಿಸುವಾಗ ಮೊದಲು ‘ನೋಡ್‌ಟೂಲ್ ಡ್ರೇನ್’, ಅಂದರೆ ಬಾಕಿ ಬರಹವನ್ನೆಲ್ಲ ಡಿಸ್ಕಿಗೆ ಇಳಿಸುವ ಆಜ್ಞೆ, ಆಮೇಲೆ ಸರ್ವೀಸ್ ಬಂದ್.

ವಾರಕ್ಕೊಮ್ಮೆ ಮೂರರಲ್ಲೂ, ಒಂದು ಮುಗಿದ ಮೇಲೆ ಇನ್ನೊಂದರಂತೆ, ನೋಡ್‌ಟೂಲ್ ರಿಪೇರಿ ಓಡಿಸಿ. ಅಳಿಸಿದ ಮಾಹಿತಿಯ ಗುರುತನ್ನು ಕಸಾಂಡ್ರಾ 10 ದಿನ ಇಟ್ಟುಕೊಂಡು ಆಮೇಲೆ ಎಸೆಯುತ್ತದೆ. ದಸರಾ ರಜೆಯಲ್ಲಿ ಒಂದು ಕಂಪ್ಯೂಟರನ್ನು ಹದಿನೈದು ದಿನ ಆರಿಸಿಟ್ಟು, ಉಳಿದೆರಡನ್ನು ಓಡಿಸುತ್ತಲೇ ಇದ್ದರೆ, ಬಂದು ಹಚ್ಚಿದ ಕೂಡಲೇ ಅಳಿಸಿದ ಲಾಟ್‌ಗಳು ಅದರ ಹೊಟ್ಟೆಯಿಂದ ಎದ್ದು ಬರುತ್ತವೆ. ಅಂಥ ನೋಡ್ ಹಚ್ಚಬೇಡಿ. ಅದರ ಫೋಲ್ಡರ್‌ಗಳನ್ನು ಖಾಲಿ ಮಾಡಿ, ಸತ್ತ ನೋಡ್‌ನ ಜಾಗಕ್ಕೆ ಬಂದ ಹೊಸ ನೋಡ್ ಎಂದೇ ಸೇರಿಸಿ (ಅದು ಸೀಡ್ ಆಗಿದ್ದರೆ ಮೊದಲು ಅದರ ಐಪಿಯನ್ನು ಅದರದೇ ಸೀಡ್ ಪಟ್ಟಿಯಿಂದ ತೆಗೆಯಿರಿ); ಆಗ ಉಳಿದೆರಡರಿಂದ ತನ್ನ ಪಾಲನ್ನು ತಾನೇ ತರಿಸಿಕೊಳ್ಳುತ್ತದೆ.