ಹೂವಿನ ಮುಖ ಬಿಟ್ಟು ಬಾಲ ನೋಡಿದೆ, ಹೆಸರು ಸಿಕ್ಕಿತು

ಐದು ಮಳೆಗಾಲ ಕೊಡಚಾದ್ರಿ, ಕುದುರೆಮುಖ ಅಂತ ಹತ್ತಿ ಇಳಿದು ಎರಡು ಸಾವಿರ ಹೂವಿನ ಫೋಟೋ ತೆಗೆದಿರಬಹುದು. ಹೆಸರು ಗೊತ್ತಾಗಿದ್ದು ಮೂವತ್ತೋ ನಲವತ್ತೋ ಅಷ್ಟೇ. ಲೆನ್ಸ್ ಸರಿಯಿಲ್ಲ ಅಂದುಕೊಂಡು ಹದಿನೆಂಟು ಸಾವಿರ ಕೊಟ್ಟು ಹತ್ತಿರದಿಂದ ಫೋಟೋ ತೆಗೆಯುವ ಹಳೇ ಮ್ಯಾಕ್ರೋ ಲೆನ್ಸ್ ತಗೊಂಡೆ. ಎರಡನೇ ಮಳೆಗಾಲಕ್ಕೆ ಒಳಗೆಲ್ಲ ಬೂಷ್ಟು. ಕ್ಲೀನ್ ಮಾಡಿಸಲು ಮತ್ತೆ ಮೂರು ಸಾವಿರ ಹೋಯಿತು, ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ತಪ್ಪು ನನ್ನದೇ. ಪಾಸ್‌ಪೋರ್ಟ್ ಫೋಟೋ ಥರ ಎಲ್ಲ ಹೂವನ್ನೂ ಎದುರಿನಿಂದಲೇ ತೆಗೆಯುತ್ತಿದ್ದೆ. ಕಾಡಿನ ಕರ್ಣಕುಂಡಲ ಹೂಗಳು ಎದುರಿನಿಂದ ಸುಮಾರಾಗಿ ಒಂದೇ ಥರ ಕಾಣುತ್ತವೆ. ಹೂವಿನ ಹಿಂದಿನ ಬಾಲದಂಥ ಕೊಳವೆ ಎಷ್ಟುದ್ದ, ಹೇಗೆ ಬಾಗಿದೆ, ಎಲೆ ಎದುರುಬದುರಾ ಒಂದು ಬಿಟ್ಟು ಒಂದಾ, ಕಾಯಿ ಮೇಲೆ ಕೂದಲಿದೆಯಾ, ಗುಟ್ಟೆಲ್ಲ ಅಲ್ಲೇ ಇರುತ್ತದೆ. ಈಗ ಒಂದು ಗಿಡಕ್ಕೆ ಐದು ಫೋಟೋ, ಹೂವಿನ ಮುಖ ಕೊನೆಗೆ. ಜೊತೆಗೆ ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ ಗಾಜು, ನೂರೈವತ್ತು ರೂಪಾಯಿ.

"ಗಿಡದ ಹೆಸರು ಹೇಳೋ ಆಪ್ ಇದೆಯಲ್ಲ ಮಾರಾಯ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂತ ಜೊತೆಯವರು ನಗುತ್ತಿದ್ದರು. ಅವರ ಆಪ್ ದಾರಿಯುದ್ದಕ್ಕೂ ನೇರಳೆ ಹೂವನ್ನೆಲ್ಲ ನೆಕ್ಕರಿಕ ಎಂಬ ಪೊದೆಯದ್ದು ಅನ್ನುತ್ತಿತ್ತು. ನಾನು ಗಾಜು ಹಿಡಿದು ಕೇಸರ ತೋರಿಸಿದೆ. ನೆಕ್ಕರಿಕದಲ್ಲಿ ಎರಡು ಥರ, ಉದ್ದದ್ದು ನೇರಳೆ, ಗಿಡ್ಡದ್ದು ಹಳದಿ. ಎದುರಿದ್ದ ಹೂವಿನಲ್ಲಿ ಎಲ್ಲವೂ ಒಂದೇ ಹಳದಿ, ಅಂದರೆ ಅದೇ ಥರ ಕಾಣುವ ಆಸ್ಬೆಕಿಯಾ. ಅವತ್ತಿನಿಂದ ಅವರೇ ನನಗೆ ಫೋಟೋ ಕಳಿಸುತ್ತಾರೆ.

ಇನ್ನೊಂದು, ಹೊಸ ಬೆಟ್ಟ ಹುಡುಕುವುದು ಬಿಟ್ಟೆ. ಕೊಡಚಾದ್ರಿಯ ಹಿಡ್ಲುಮನೆ ಕಡೆಯ ಒಂದೇ ದಾರಿ, ಜೂನ್, ಆಗಸ್ಟ್, ಅಕ್ಟೋಬರ್. ಎರಡು ಕಿಲೋಮೀಟರಿಗೆ ನಾಲ್ಕು ಗಂಟೆ ತಗೊಂಡಿದ್ದೂ ಇದೆ. ರಕ್ತ ಹೀರುವ ಇಂಬಳಕ್ಕೆ ಹಬ್ಬ. ಅದಕ್ಕೊಂದು ಉಪಾಯ ಇದೆ, ಹೇಳಲ್ಲ. ಆರ್ಕಿಡ್ ಇರುವ ಮರಗಳನ್ನೂ ಹೇಳಲ್ಲ, ಕಿತ್ತುಕೊಂಡು ಹೋಗುವವರೇ ಜಾಸ್ತಿ.

ಮಧ್ಯೆ ಒಂದು ಹುಚ್ಚು. ಬೈಂದೂರು ಕಡೆಯ ಪಾರೆಯಲ್ಲಿ, ಅಂದರೆ ಕಲ್ಲು ಬಯಲಿನಲ್ಲಿ, ಹುಳ ತಿನ್ನುವ ಡ್ರಾಸೆರಾ ಸಿಕ್ಕಿತ್ತು. ಒಂದು ಎಲೆಗೆ ರವೆ ಕಾಳು, ಇನ್ನೊಂದಕ್ಕೆ ಸತ್ತ ಸೊಳ್ಳೆ ಇಟ್ಟು ಮಳೆಯಲ್ಲಿ ಕೊಡೆ ಹಿಡಿದು ಕೂತೆ. ರವೆಗೆ ಏನೂ ಆದ ಹಾಗೆ ಕಾಣಲಿಲ್ಲ. ಸೊಳ್ಳೆ ಕಡೆಗೆ ಮಾತ್ರ ಅಂಟುಕೂದಲು ಮೆಲ್ಲಗೆ ಬಾಗಿದವು. ಊಟ ತಪ್ಪಿತು.

ಈಗ ಹೆಸರು ಗೊತ್ತಾದ ಹೂಗಳ ಲೆಕ್ಕ ಇನ್ನೂರರ ಹತ್ತಿರ ಇದೆ. ಒದ್ದೆ ಬಂಡೆ ಮೇಲಿನ ಒಂದು ಬಿಳಿ ಕರ್ಣಕುಂಡಲ ಮಾತ್ರ ಮೂರು ವರ್ಷದಿಂದ ಸತಾಯಿಸುತ್ತಿದೆ. ನಾನು ಹೋಗುವಷ್ಟರಲ್ಲಿ ಕಾಯೆಲ್ಲ ಸಿಡಿದು ಹೋಗಿರುತ್ತದೆ. ಈ ಸಲ ಹದಿನೈದು ದಿನ ಮುಂಚೆಯೇ ಹೊರಡುತ್ತೇನೆ.